ಟೈಮ್‌ಶೀಟ್‌ಗೆ ಬಾರದ ಗಂಟೆಗಳು

ಮಾನ್ಯ ಸಂಪಾದಕರೇ,

ಯಾವುದಾದರೂ ಕಂಪನಿಯ ಲೆಕ್ಕದಲ್ಲಿ ಮೋಸ ಬಯಲಾದರೆ, ಆಡಿಟರ್ ಏನು ಮಾಡುತ್ತಿದ್ದರು ಅಂತ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಆದರೆ ಆ ಆಡಿಟ್‌ಗೆ ಎಷ್ಟು ಜನರಿದ್ದರು, ಎಷ್ಟು ಸಮಯ ಸಿಕ್ಕಿತ್ತು ಎಂದು ಕೇಳುವವರು ಕಮ್ಮಿ.

ಹೆಚ್ಚಿನ ಕಂಪನಿಗಳ ಲೆಕ್ಕದ ವರ್ಷ ಒಂದೇ ಹೊತ್ತಿಗೆ ಮುಗಿಯುತ್ತದೆ. ಕೆಲವೇ ತಿಂಗಳಲ್ಲಿ ಎಲ್ಲ ಆಡಿಟ್‌ಗಳೂ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಆಗ ನಡೆಯುವುದು ಇಂಥದ್ದು: ವರ್ಷದ ಕೊನೆಯ ದಿನ ಮಾರಾಟ ಅಂತ ಬರೆದ ಬಿಲ್ ಒಂದು, ಪರೀಕ್ಷೆಗೆ ಆರಿಸಿದ ಸ್ಯಾಂಪಲ್‌ನಲ್ಲಿ ಬರುತ್ತದೆ. ಸರಕು ಹೊರಟ ಚಲನ್ ಸಿಗುವುದಿಲ್ಲ. ‘ನಾಳೆ ಹುಡುಕಿ ಕೊಡ್ತೀವಿ’ ಅನ್ನುತ್ತಾರೆ ಕಂಪನಿಯವರು. ನಾಳೆ ಬೇರೆ ಕಂಪನಿಯ ಕೆಲಸ ಶುರುವಾಗಬೇಕು. ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಿನಲ್ಲಿ, ಜೂನಿಯರ್ ಆ ಬಿಲ್ ಬಿಟ್ಟು ದಾಖಲೆ ಪೂರ್ತಿ ಇರುವ ಇನ್ನೊಂದಕ್ಕೆ ಟಿಕ್ ಹಾಕುತ್ತಾರೆ. ಫೈಲ್ ಅಚ್ಚುಕಟ್ಟಾಗಿರುತ್ತದೆ. ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಂಡಿದ್ದರೆ ಅದರ ಸುಳಿವು ಇದ್ದದ್ದು ಬಿಟ್ಟುಹೋದ ಬಿಲ್‌ನಲ್ಲೇ ಅಲ್ವಾ?

ಕಾದು ನೋಡುವುದು ಆಡಿಟ್‌ನ ಅರ್ಧ ಕೆಲಸ. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್ ಎಂಬ ಪಾವತಿ ಕಂಪನಿಯ ಲೆಕ್ಕದ ಪುಸ್ತಕದಲ್ಲಿದ್ದ 190 ಕೋಟಿ ಯೂರೊ ಬ್ಯಾಂಕಿನಲ್ಲಿ ಇರಲೇ ಇಲ್ಲ ಎಂದು ಗೊತ್ತಾಯಿತು. ಅಲ್ಲಿ ಕಾರಣ ಕೆಲಸದ ಹೊರೆ ಅಂತ ನಾನು ಹೇಳುತ್ತಿಲ್ಲ. ಆದರೆ ಬ್ಯಾಂಕಿಗೇ ನೇರವಾಗಿ ಬರೆದು ಉತ್ತರಕ್ಕೆ ಕಾಯುವ ಪುರುಸೊತ್ತು ಯಾಕೆ ಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಟೈಮ್‌ಶೀಟ್, ಅಂದರೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಅಂತ ಬರೆಯುವ ಹಾಳೆ. ಎಪ್ಪತ್ತು ಗಂಟೆ ದುಡಿದ ಹುಡುಗ ಐವತ್ತು ಅಂತ ಬರೆಯುತ್ತಾನೆ. ಆ ಕೆಲಸಕ್ಕೆ ಇಟ್ಟ ಗಂಟೆಗಳ ಬಜೆಟ್ ಮೀರಿದರೆ ‘ಇವನಿಗೆ ಕೆಲಸ ಬರಲ್ಲ’ ಅನ್ನುತ್ತಾರೆಂಬ ಭಯ. ಆ ಐವತ್ತರ ಮೇಲೆಯೇ ಮುಂದಿನ ವರ್ಷದ ಬಜೆಟ್ ನಿಲ್ಲುತ್ತದೆ. ಕಂಪನಿ ಫೀಸು ಚೌಕಾಸಿ ಮಾಡಿದರೆ ಅದು ನಲವತ್ತೈದಕ್ಕೆ ಇಳಿಯುತ್ತದೆ. ಹೀಗೆ ಸಮಯದ ಕೊರತೆ ಆಡಿಟ್ ಸಂಸ್ಥೆಯ ಪಾರ್ಟ್ನರ್‌ಗೂ ಕಾಣುವುದಿಲ್ಲ, ಆಡಿಟ್‌ನ ತಪಾಸಣೆಗೆ ಬರುವವರಿಗೂ ಕಾಣುವುದಿಲ್ಲ.

ಹೊಸ ನಿಯಮವೇನೂ ಬೇಕಿಲ್ಲ. 2022ರ ಡಿಸೆಂಬರ್ 15ರಿಂದ ಜಾರಿಗೆ ಬಂದ ಐಎಸ್‌ಕ್ಯೂಎಂ-1 ಎಂಬ, ಆಡಿಟ್ ಸಂಸ್ಥೆಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡವೇ ಆಡಿಟ್ ತಂಡಕ್ಕೆ ಸಾಕಷ್ಟು ಸಮಯ ಕೊಡಬೇಕು ಎನ್ನುತ್ತದೆ. ದುಡಿದ ಗಂಟೆಯನ್ನು ಇದ್ದ ಹಾಗೆ ಬರೆದವರನ್ನು ಆಡಿಟ್ ಸಂಸ್ಥೆಗಳು ಬೈಯುವುದು ನಿಲ್ಲಬೇಕು. ಕಂಪನಿಗಳಲ್ಲಿ ಆಡಿಟ್ ನೋಡಿಕೊಳ್ಳುವ ನಿರ್ದೇಶಕರ ಆಡಿಟ್ ಸಮಿತಿಗಳು ಫೀಸು ಇಳಿಸುವ ಮೊದಲು, ಅದರಲ್ಲಿ ಅನುಭವಿಗಳ ಗಂಟೆ ಎಷ್ಟು ಕಮ್ಮಿಯಾಗುತ್ತದೆ ಎಂದು ಕೇಳಬೇಕು. ಚಲನ್ ಸಿಗದಿದ್ದರೆ, ಬ್ಯಾಂಕಿನಿಂದ ಉತ್ತರ ಬಾರದಿದ್ದರೆ, ವರದಿಗೆ ಸಹಿ ಹಾಕುವ ದಿನ ಮುಂದೆ ಹೋಗಲಿ.

ಇತಿ,
ಆಡಿಟ್ ಕೆಲಸದಲ್ಲಿರುವ ಒಬ್ಬ ಓದುಗ