ಪ್ರಬಂಧದ ಶೈಲಿಗೆ ಯಂತ್ರ ಅಂಕ ಹಾಕುವುದು ಬೇಡ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವದ ಅಂಗವಾಗಿ ಪ್ರೌಢಶಾಲೆಯ ಮಕ್ಕಳಿಗೆ ಏರ್ಪಡಿಸಿದ್ದ ಪ್ರಬಂಧ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರಳಾಗಿದ್ದೆ. ಬಂದ ಬರಹಗಳನ್ನೆಲ್ಲ ಸಂಘಟಕರು ಮೊದಲು ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯೊಂದಕ್ಕೆ, ಅಂದರೆ ಬರಹವನ್ನು ಓದಿ ತಾನೂ ಬರೆಯಬಲ್ಲ ತಂತ್ರಾಂಶಕ್ಕೆ ಕೊಟ್ಟು, ‘ಶೈಲಿ’ ಮತ್ತು ‘ಸರಳತೆ’ಗೆ ಅದು ಹಾಕಿದ ಅಂಕಗಳನ್ನು ನೋಡಿ, ಕಡಿಮೆ ಅಂಕದವನ್ನು ಬದಿಗಿಟ್ಟು, ಉಳಿದವನ್ನಷ್ಟೇ ನಮ್ಮ ಮುಂದೆ ಇಟ್ಟಿದ್ದರು. ಸಮಯ ಉಳಿಸುವ ಸದುದ್ದೇಶ ಅವರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಪದ್ಧತಿ ಬೇರೆ ಕಡೆಗೂ ಹಬ್ಬುವ ಮೊದಲು ಅದರಿಂದಾಗುವ ಅನ್ಯಾಯವನ್ನು ಹೇಳಲೇಬೇಕೆನಿಸಿತು.

ಬದಿಗಿಟ್ಟಿದ್ದ ಪ್ರಬಂಧಗಳನ್ನು ಕೇಳಿ ಪಡೆದು ಓದಿದೆ. ಅವುಗಳಲ್ಲಿ ಆಲೂಗಡ್ಡೆ ಬೇಸಾಯದ ಬಗ್ಗೆ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ಎಪಿಎಂಸಿಗೆ ಹೋಗಿ, ಸಾಲ ಮಾಡಿ ಬಿತ್ತನೆ ಗಡ್ಡೆ ತಂದು, ರಾತ್ರಿಯೆಲ್ಲ ಕೂತು ಹೋಳು ಮಾಡಿ, ಮಳೆ ನೋಡಿಕೊಂಡು ಬಿತ್ತಿದ ಹೊಲಕ್ಕೆ ಅಂಗಮಾರಿ ರೋಗ ಬಿದ್ದ ದಿನ ಅಪ್ಪ ಮಾತೇ ಬಿಟ್ಟರು.’ ವಾಕ್ಯ ದೀರ್ಘವಾಯಿತೆಂದು ಯಂತ್ರ ಅಂಕ ಕಳೆದು, ಅದನ್ನು ಐದು ತುಂಡು ಮಾಡಿ, ಪ್ರತಿಯೊಂದಕ್ಕೂ ‘ಅವರು’, ‘ನಂತರ’ ಎಂದು ಸೇರಿಸಿ ತಿದ್ದಿತ್ತು. ಹೋಗಿ, ತಂದು, ಮಾಡಿ ಎಂದು ಕೃದಂತಗಳನ್ನು ಪೋಣಿಸುತ್ತ ಬಂದು ಮುಖ್ಯ ಕ್ರಿಯಾಪದವನ್ನು ಕೊನೆಗೆ ಇಡುವುದು ಕನ್ನಡ ವಾಕ್ಯದ ಸಹಜ ನಡೆ. ಅಷ್ಟೂ ದುಡಿಮೆಯ ಭಾರ ಆ ಕೊನೆಯ ‘ಮಾತೇ ಬಿಟ್ಟರು’ ಎಂಬಲ್ಲಿ ಬಂದು ಬೀಳುವಂತೆ ಆ ಮಗು ಬರೆದಿದ್ದಳು. ತುಂಡು ಮಾಡಿದ ಮೇಲೆ ಉಳಿದದ್ದು ಬರಿಯ ವರದಿ. ಎಷ್ಟೋ ವರ್ಷ ಪಾಠ ಹೇಳಿದ ನನಗೆ ಅದನ್ನು ಓದಿ ನಿಜಕ್ಕೂ ಸಂಕಟವಾಯಿತು.

ಯಂತ್ರ ಹೀಗೆ ಮಾಡುವುದಕ್ಕೆ ಕಾರಣವಿದೆ. ಈ ಮಾದರಿಗಳು ತಾವು ಓದಿದ ಪಠ್ಯರಾಶಿಯಲ್ಲಿ ಯಾವ ಪದದ ಬಳಿಕ ಯಾವುದು ಬರುತ್ತದೆ ಎಂಬುದನ್ನು ಕಲಿತು ಬರೆಯುತ್ತವೆ, ಮತ್ತು ಆ ರಾಶಿಯಲ್ಲಿ ಇಂಗ್ಲಿಷಿನದೇ ಸಿಂಹಪಾಲು. ಮೆಟಾ ಸಂಸ್ಥೆಯು 2023ರಲ್ಲಿ ಬಿಡುಗಡೆ ಮಾಡಿದ ಲಾಮಾ 2 ಮಾದರಿಯ ಬಗ್ಗೆ ತಾನೇ ಪ್ರಕಟಿಸಿದ ವಿವರದಂತೆ ಅದರ ಪಠ್ಯದಲ್ಲಿ ಇಂಗ್ಲಿಷಿನ ಪಾಲು ಸುಮಾರು ಶೇ 90. ಕನಿಷ್ಠ ಶೇ 0.005ರಷ್ಟು ಪಾಲಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರೇ ಇಲ್ಲ. ಆನಂತರ ಬಂದ ಮಾದರಿಗಳ ಕನ್ನಡ ಬಹಳ ಸುಧಾರಿಸಿದೆ ಎಂಬುದು ನಿಜ. ಆದರೂ ವಾಕ್ಯ ಚಿಕ್ಕದಿದ್ದಷ್ಟೂ ಚೆನ್ನ ಎಂಬ ಇಂಗ್ಲಿಷ್ ಬರವಣಿಗೆಯ ಪಾಠವನ್ನು ಅವು ಕನ್ನಡದ ಮೇಲೂ ಹೇರುತ್ತಿರುವುದು ಆ ತಿದ್ದುಪಡಿಗಳಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಭಾಷಾ ಮಾದರಿಗಳನ್ನು ತೀರ್ಪುಗಾರರ ಸ್ಥಾನದಲ್ಲಿ ಕೂರಿಸಿ 2023ರಿಂದ ಈಚೆಗೆ ನಡೆದಿರುವ ಅಧ್ಯಯನಗಳಲ್ಲಿ, ಎರಡು ಬರಹಗಳನ್ನು ಕೊಟ್ಟ ಕ್ರಮ ಬದಲಾದರೆ ತೀರ್ಪೂ ಬದಲಾಗುವುದು, ಉದ್ದವಾದ ಬರಹದತ್ತ ಅವು ವಾಲುವುದು, ತಮ್ಮದೇ ಬರಹಕ್ಕೆ ಹೆಚ್ಚು ಅಂಕ ಕೊಡುವುದು ಕಂಡುಬಂದಿದೆ. ಹಾಗಾದರೆ ಮನೆಯಲ್ಲಿ ಮೊಬೈಲಿನಿಂದ ಪ್ರಬಂಧ ಬರೆಸಿಕೊಂಡು ಬಂದ ಮಗು ಗೆದ್ದು, ಆಲೂರಿನಲ್ಲೋ ಅರಕಲಗೂಡಿನಲ್ಲೋ ಸ್ವಂತವಾಗಿ ಯೋಚಿಸಿ ಬರೆದ ಮಗು ಸೋಲುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುವುದಿಲ್ಲವೇ?

ಈ ತಂತ್ರಜ್ಞಾನವೇ ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲ, ನಮ್ಮ ಕಡೆ ಸಾಮಾನ್ಯವಾದ ಅಕಾರ ಹಕಾರಗಳ ಅದಲುಬದಲು, ಕರ್ತೃ ಕ್ರಿಯಾಪದಗಳ ಹೊಂದಾಣಿಕೆಯ ದೋಷ, ಇವನ್ನು ಗುರುತಿಸಲು ಅದು ನೆರವಾಗುತ್ತದೆ. ಒಬ್ಬರೇ ನೂರಾರು ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರಿಗೆ ಆ ನೆರವು ದೊಡ್ಡದು. ಅಲ್ಲಿಯೂ ‘ತಪ್ಪನ್ನು ಗುರುತಿಸು, ವಾಕ್ಯವನ್ನು ಬದಲಿಸಬೇಡ’ ಎಂದು ಅದಕ್ಕೆ ಸ್ಪಷ್ಟವಾಗಿ ಸೂಚಿಸಬೇಕಾಗುತ್ತದೆ.

ಆದ್ದರಿಂದ ಜಿಲ್ಲೆಯ ಶಾಲೆಗಳಲ್ಲಿ ಮತ್ತು ಸಂಘಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ಸ್ಪರ್ಧೆಯಲ್ಲಿ ಇಂತಹ ತಂತ್ರಾಂಶ ಬಳಸುವುದಾದರೆ ಅದನ್ನು ಪ್ರಕಟಣೆಯಲ್ಲಿಯೇ ತಿಳಿಸಲಿ. ಶೈಲಿಗೆ ಅದು ಹಾಕಿದ ಅಂಕದ ಆಧಾರದಲ್ಲಿ ಯಾವ ಮಗುವಿನ ಬರಹವನ್ನೂ ಕೈಬಿಡದೆ, ಬಂದ ಎಲ್ಲ ಪ್ರಬಂಧಗಳ ಮೂಲ ಪ್ರತಿಗಳನ್ನೂ ತೀರ್ಪುಗಾರರಿಗೆ ಕೊಡಲಿ. ಓದಲು ಜನ ಸಾಲದಿದ್ದರೆ ನನ್ನಂತಹ ನಿವೃತ್ತ ಶಿಕ್ಷಕರನ್ನು ಕರೆಯಲಿ. ನಾವು ಸಂತೋಷದಿಂದ ಬರುತ್ತೇವೆ.

– ನಿವೃತ್ತ ಕನ್ನಡ ಶಿಕ್ಷಕಿ, ಹಾಸನ