ನಮ್ಮ ವರ್ತನೆಯ ಮನೆಗಳಿಗೆ

ಈ ಭಾನುವಾರ, 2025ರ ಯುಗಾದಿಗೆ, ನಮ್ಮ ತೋಟದ ತರಕಾರಿ ಬುಟ್ಟಿಗೆ ಎರಡು ವರ್ಷ ತುಂಬುತ್ತದೆ. ಬುಟ್ಟಿ ತಲುಪುವ ಮನೆಗಳು ಈಗ 41. ಆದರೆ ನಾನು ಮೊದಲು ಕೈಮುಗಿಯಬೇಕಾದದ್ದು, ಒಂದು ಕಟ್ಟು ಸೊಪ್ಪನ್ನೂ ಕಣ್ಣಿಂದ ನೋಡುವ ಮುಂಚೆಯೇ ಮೂರು ತಿಂಗಳ ಹಣವನ್ನು ಮುಂಗಡವಾಗಿ ಕೊಟ್ಟ ಆ ಮೊದಲ 18 ಮನೆಗಳಿಗೆ.

ಮುಂಗಡ ಕೊಟ್ಟು, ತೋಟದಲ್ಲಿ ಬೆಳೆದದ್ದನ್ನು ವಾರವಾರ ಬುಟ್ಟಿಯಲ್ಲಿ ಪಡೆಯುವ ಈ ಪದ್ಧತಿಯನ್ನು ಮಗಳು ಸಮುದಾಯ ಬೆಂಬಲಿತ ಕೃಷಿ ಎನ್ನುತ್ತಾಳೆ. ಜಪಾನಿನಲ್ಲಿ 1970ರ ದಶಕದಲ್ಲೇ ಪಟ್ಟಣದ ಗೃಹಿಣಿಯರು ರೈತರೊಡನೆ ನೇರವಾಗಿ ಮಾತಾಡಿಕೊಂಡು ಹೀಗೆ ನಡೆಸಿದ್ದರೆಂದು ಅವಳೇ ಓದಿ ಹೇಳಿದಳು. ಅತ್ತೆಯವರು ಮಾತ್ರ ಮೊದಲ ವಾರದಿಂದಲೂ 'ವರ್ತನೆ', ಅಂದರೆ ಗೊತ್ತಾದ ಮನೆಗೆ ತಪ್ಪದೆ ತಂದುಕೊಡುವ ವಾಡಿಕೆ, ಎಂದೇ ಕರೆಯುತ್ತಾರೆ. ಹಾಲಿನ ವರ್ತನೆ ಇದ್ದ ಹಾಗೆ ಸೊಪ್ಪಿನ ವರ್ತನೆ. ಮಳೆ ಬರಲಿ, ಮನೆಯಲ್ಲಿ ಮದುವೆಯಿರಲಿ, ವರ್ತನೆಯ ಮನೆಗೆ ತಪ್ಪಿಸುವಂತಿಲ್ಲ.

ಮಾಗಡಿ ಸೀಮೆಯ ನಮ್ಮ ಎರಡೂವರೆ ಎಕರೆಯಲ್ಲಿ ಬಿತ್ತನೆಯೆಂದರೆ ಕೈಗಡ ಎಂದೇ ಅರ್ಥವಿತ್ತು. ವಾರಕ್ಕೆ 450 ರೂಪಾಯಿಯಂತೆ ಆ 18 ಮನೆಗಳಿಂದ ಒಂದು ಲಕ್ಷಕ್ಕೆ ತುಸು ಹೆಚ್ಚೇ ಬಂತು. ನಾನು ಮದುವೆಯಾಗಿ ಬಂದ ಮೇಲೆ ಸಾಲವಿಲ್ಲದೆ ಬೀಜ ಕೊಂಡದ್ದು ಅದೇ ಮೊದಲು.

ಆ ವರ್ಷ, 2023ರ ಜುಲೈನಲ್ಲಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತು. ಬುಟ್ಟಿಯವರಿಗೆ ಈ ತಿಂಗಳು ಏನಾದರೂ ಹೇಳಿ, ಮಾಲನ್ನು ಮಂಡಿಗೆ ಕಳಿಸಿ ಎಂದು ನೆಂಟರು ಹೇಳಿದರು. ಆ ರಾತ್ರಿ ನನ್ನ ಮನಸ್ಸೂ ಹೊಯ್ದಾಡಿತು. ಯಜಮಾನರು ಬೆಳಿಗ್ಗೆ ಎದ್ದು ಏನೂ ಮಾತಾಡದೆ ಪ್ರತಿ ಬುಟ್ಟಿಗೆ ಒಂದು ಕಿಲೋ ತೂಗಿದರು. ಹಣ ಅದೇ 450.

ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದ ವರ್ಷ ಅದು. ಫೆಬ್ರುವರಿಯಲ್ಲಿ ನಮ್ಮ ಕೊಳವೆಬಾವಿ ಬರೀ ಗಾಳಿ ಉಗುಳಿತು. ಪಕ್ಕದ ಹೊಲದವರು ತಮ್ಮ ಪೈರು ಬಾಡುತ್ತಿದ್ದರೂ, ರಾತ್ರಿ ಕರೆಂಟು ಬಂದಾಗ ಎರಡು ಗಂಟೆ ನಮ್ಮ ಸೊಪ್ಪಿನ ಮಡಿಗಳಿಗೆ ನೀರು ಬಿಟ್ಟರು. ಆ ಋಣ ದೊಡ್ಡದು.

ಮಾರ್ಚಿಯ ಒಂದು ಶನಿವಾರ ಬುಟ್ಟಿಯಲ್ಲಿದ್ದದ್ದು ಎರಡು ಕಟ್ಟು ದಂಟು, ನಾಲ್ಕು ನುಗ್ಗೆಕಾಯಿ, ಒಂದು ಹಿಡಿ ನುಗ್ಗೆಸೊಪ್ಪು, ಅಷ್ಟೇ. ಒದ್ದೆ ಗೋಣಿಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ತಂದಿದ್ದೆ. ಬೆಂಗಳೂರಿನ ವಿಜಯನಗರದಲ್ಲಿ ನಾವು ಬುಟ್ಟಿ ಹಂಚುವ, ಒಂದು ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ತಲೆ ಎತ್ತಲಾರದೆ, ಉಳಿದ ಹಣ ಹಿಂತಿರುಗಿಸುತ್ತೇವೆ ಎಂದೆ. ವಯಸ್ಸಾದ ಅಮ್ಮನೊಬ್ಬರು ಗೋಣಿ ಬಿಡಿಸಿ, ನುಗ್ಗೆಸೊಪ್ಪನ್ನು ಮೂಸಿ, 'ಇದಕ್ಕೆ ಹೆಸರುಕಾಳು ಹಾಕಿದರೆ ಎರಡು ದಿನದ ಬಸ್ಸಾರು' ಎಂದು ಚೀಲಕ್ಕೆ ಹಾಕಿಕೊಂಡರು. ಅವರ ಹಿಂದಿದ್ದವರೂ ಹಾಗೆಯೇ ತೆಗೆದುಕೊಂಡು ಹೋದರು. ಅವರ ಬೀದಿಯಲ್ಲೂ ಆಗ ಟ್ಯಾಂಕರಿಗೆ ಕಾಯುತ್ತಿದ್ದರು. ನೀರಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಒಂಬತ್ತು ವಾರ ಹೀಗೇ ನಡೆಯಿತು. ಒಬ್ಬರೂ ಹಣ ಕೇಳಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ನಾನು ಅತ್ತದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಬಿಟ್ಟುಕೊಟ್ಟ ಮನೆಯವರಿಗೆ, ನಸುಕಿನಲ್ಲೇ ಗಾಡಿ ತರುವ ತಮ್ಮನಿಗೆ, ಕಳೆ ಕೀಳಲು ಮಕ್ಕಳನ್ನು ಕರೆತಂದವರಿಗೆ, ಬದನೆಯಲ್ಲಿ ಹುಳು ಕಂಡಾಗ ಬೈಯದೆ ತಿಳಿಸಿದವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಈ ಶನಿವಾರದ ಬುಟ್ಟಿಯಲ್ಲಿ ಹೀರೆ, ಬೀನ್ಸ್, ಹರಿವೆ, ಎರಡು ಮಾವಿನಕಾಯಿ ಇರುತ್ತವೆ. ಮೇಲೆ ಬಾಳೆಲೆಯಲ್ಲಿ ಮಡಿಸಿಟ್ಟದ್ದು ಬೇವಿನ ಹೂವು. ಅತ್ತೆಯವರೇ ಬಿಡಿಸಿದ್ದಾರೆ, ಅದು ಲೆಕ್ಕಕ್ಕಿಲ್ಲ.