ಟಚ್‌ಡೌನ್ ಆಗಿ ಒಂದು ನಿಮಿಷಕ್ಕೆ ಕಿವಿಗೆ ಬೀಳುವ ರೇಡಿಯೋ: ನಿಮ್ಮ ಆ್ಯಪ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಅಮೆರಿಕದ ಕಾಲೇಜು ಫುಟ್‌ಬಾಲ್ ರೇಡಿಯೋ ಪ್ರಸಾರದ ದೋಷಗಳು ಮತ್ತು ಚಂದಾ ಹಣದ ವಾಪಸಾತಿ

ಮಾನ್ಯರೇ,

ನಾವು ನಿಮ್ಮ ಆ್ಯಪಿಗೆ ಚಂದಾ ಕಟ್ಟಿರುವ ಕನ್ನಡಿಗ ಕೇಳುಗರು. ಕೆಲವರು ಮಿಷಿಗನ್, ಒಹಾಯೊಗಳಲ್ಲಿದ್ದೇವೆ, ಉಳಿದವರು ಬೆಂಗಳೂರಿನಲ್ಲಿ. ‘ನೆಟ್‌ವರ್ಕ್ ನೋಡಿಕೊಳ್ಳಿ, ಆ್ಯಪ್ ತೆಗೆದು ಮತ್ತೆ ಹಾಕಿ’ ಎಂಬ ಸಿದ್ಧ ಉತ್ತರ ಇನ್ನೊಮ್ಮೆ ಬರಬಾರದೆಂದು ದೋಷದ ಜೊತೆಗೆ ಕಾರಣವನ್ನೂ ಬರೆಯುತ್ತಿದ್ದೇವೆ. ಇಂಟರ್ನೆಟ್ ವೇಗದ ಮಾತು ಮೊದಲೇ ಮುಗಿಸೋಣ. ನಿಮ್ಮ ಪ್ರಸಾರ 64 ಕೆಬಿಪಿಎಸ್‌ನದು (ಸೆಕೆಂಡಿಗೆ 64 ಕಿಲೋಬಿಟ್). ಗಂಟೆಗೆ ಸುಮಾರು 29 ಎಂಬಿ, ಮೂರೂವರೆ ಗಂಟೆಯ ಪಂದ್ಯಕ್ಕೆ 100 ಎಂಬಿ. ಸಾಧಾರಣ 4ಜಿಗೆ ಇದೊಂದು ಹೊರೆಯೇ ಅಲ್ಲ.

ಎಲ್ಲಕ್ಕಿಂತ ದೊಡ್ಡ ದೋಷ ತಡ. ಟಿವಿಯ ದನಿ ಅಡಗಿಸಿ ರೇಡಿಯೋದ ವೀಕ್ಷಕ ವಿವರಣೆ ಕೇಳುವವರು ನಾವು. ಟಿವಿಯವರು ಎರಡೂ ತಂಡಕ್ಕೆ ಸಮನಾಗಿ ಮಾತಾಡುತ್ತಾರೆ, ಕಾಲೇಜಿನ ರೇಡಿಯೋದವರು ತಮ್ಮ ಹುಡುಗರಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ. ನಮಗೆ ಬೇಕಾದ್ದೇ ಅದು. ನಿಮ್ಮ ಸರ್ವರ್ ದನಿಯನ್ನು 10 ಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ; ಮೂರು ತುಂಡು ಕೂಡಿದ ಮೇಲೆ ಆ್ಯಪ್ ಬಾಯಿಬಿಡುತ್ತದೆ. ಅಲ್ಲಿಗೆ 30 ಸೆಕೆಂಡ್. ತಡ ಅಷ್ಟಕ್ಕೇ ನಿಂತರೆ ಟಿವಿಯನ್ನು ಹೊಂದುವಷ್ಟು ಹೊತ್ತು ತಡೆಹಿಡಿದು (ಪಾಜ್ ಮಾಡಿ) ಸರಿದೂಗಿಸಬಹುದು. ಆದರೆ ಅದು ಬೆಳೆಯುತ್ತಾ ಹೋಗುತ್ತದೆ. ಸಿಗ್ನಲ್ ಹೋಗಿ ದನಿ 10 ಸೆಕೆಂಡ್ ನಿಂತರೆ, ಆ್ಯಪ್ ನಿಂತಲ್ಲಿಂದಲೇ ಮುಂದುವರಿಯುತ್ತದೆಯೇ ಹೊರತು ನೇರಪ್ರಸಾರದ ತುದಿಗೆ ಹಾರುವುದಿಲ್ಲ. ನಾಲ್ಕು ಸಲ ಹೀಗಾದರೆ ಒಟ್ಟು 70 ಸೆಕೆಂಡ್. ಒಂದು ಯತ್ನ ಮುಗಿದು ಮುಂದಿನದು ಶುರುವಾಗಲು ಕೊಡುವ ಗಡುವು, ಅಂದರೆ ಪ್ಲೇ ಕ್ಲಾಕೇ 40 ಸೆಕೆಂಡಿನದು! ಟಿವಿಯಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಆಗಿ ಅದರ ಮೇಲಿನ ಎಕ್ಸ್‌ಟ್ರಾ ಪಾಯಿಂಟ್ ಕಿಕ್ಕಿಗೆ ಸಾಲು ನಿಂತಿರುವಾಗ ಕಿವಿಯಲ್ಲಿ ಇನ್ನೂ ಅದಕ್ಕೂ ಮುಂಚಿನ ಥರ್ಡ್ ಡೌನ್ (ಮೂರನೇ ಯತ್ನ) ನಡೆಯುತ್ತಿರುತ್ತದೆ. 1921ರ ಅಕ್ಟೋಬರ್ 8ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ರೇಡಿಯೋ ಕೇಂದ್ರ ಪಿಟ್–ವೆಸ್ಟ್ ವರ್ಜೀನಿಯಾ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ಬಿತ್ತರಿಸಿದಾಗ ಕೇಳುಗರಿಗೆ ಈ ಕಾಟ ಇರಲಿಲ್ಲ.

ಸಾಲದ್ದಕ್ಕೆ ನಿಮ್ಮದೇ ಸ್ಕೋರ್ ನೋಟಿಫಿಕೇಶನ್. ವಿವರಣೆಗಾರ ಇನ್ನೂ ಉಸಿರು ಬಿಗಿಹಿಡಿದಿರುವಾಗಲೇ ಫೋನ್ ಟಿಂಗ್ ಎಂದು ಫಲಿತಾಂಶ ಒದರುತ್ತದೆ. ಅದನ್ನು ಆಫ್ ಮಾಡಹೋದರೆ ಪಂದ್ಯದ ರಿಮೈಂಡರ್ ಕೂಡ ಜೊತೆಗೇ ಹೋಗುತ್ತದೆ, ಎರಡಕ್ಕೂ ಒಂದೇ ಸ್ವಿಚ್ ಇಟ್ಟಿದ್ದೀರಿ.

ಇದಕ್ಕೆ ಮದ್ದು ಕಷ್ಟದ್ದಲ್ಲ. ನೇರಪ್ರಸಾರದ ತುದಿಗೆ ಜಿಗಿಯಲು ‘ಲೈವ್’ ಎಂಬ ಬಟನ್ ಕೊಡಿ. ಟಿವಿಯೇ ಹಿಂದಿದ್ದರೆ ದನಿಯನ್ನು ಒಂದೊಂದೇ ಸೆಕೆಂಡ್ ತಡಮಾಡುವ, 120 ಸೆಕೆಂಡಿನವರೆಗೆ ಹೋಗುವ ಸ್ಲೈಡರ್ ಕೊಡಿ. ತುಂಡನ್ನು 6 ಸೆಕೆಂಡಿಗೆ ಇಳಿಸಿದರೆ ಆರಂಭದ 30 ಸೆಕೆಂಡೇ 18ಕ್ಕೆ ಬರುತ್ತದೆ. ಕೇಳುತ್ತಿರುವ ಪಂದ್ಯದ ಸ್ಕೋರ್ ನೋಟಿಫಿಕೇಶನ್ ತಾನಾಗಿ ಸುಮ್ಮನಾಗಲಿ.

ಜಾಹೀರಾತಿಗೆ ನಮ್ಮ ತಕರಾರಿಲ್ಲ, ಅದರ ಅಳತೆಗೆ ತಕರಾರು. ರೇಡಿಯೋ ಕೇಂದ್ರ 60 ಸೆಕೆಂಡಿನ ವಿರಾಮ ಕೊಟ್ಟರೆ ನೀವು ಅದರೊಳಗೆ 90 ಸೆಕೆಂಡಿನದು ತುರುಕುತ್ತೀರಿ. ಮಿಕ್ಕ 30 ಸೆಕೆಂಡಿನ ಆಟ ಹಾಗೆಯೇ ನುಂಗಿಹೋಗುತ್ತದೆ. ಕಿಕ್‌ಆಫ್ ರಿಟರ್ನ್‌ಗಳು (ಎದುರಾಳಿ ಒದ್ದ ಚೆಂಡನ್ನು ಹಿಡಿದು ಓಡುವುದು) ಹೆಚ್ಚಾಗಿ ಇಲ್ಲೇ ಕಾಣೆಯಾಗುವುದು. ವಿರಾಮ ಮುಗಿದ ಸೂಚನೆ ಬಂದ ಕೂಡಲೇ ಜಾಹೀರಾತನ್ನು ಅರ್ಧಕ್ಕೇ ಕತ್ತರಿಸಬೇಕು.

ವೈಫೈನಿಂದ ಮೊಬೈಲ್ ಡೇಟಾಕ್ಕೆ ದಾಟುವಾಗಿನ ತೊಂದರೆಯನ್ನು ನೀವೇ ಪರೀಕ್ಷಿಸಿ. ವೈಫೈನಲ್ಲಿ ಪ್ರಸಾರ ಹಚ್ಚಿ, ಸ್ಕ್ರೀನ್ ಲಾಕ್ ಮಾಡಿ, ಮನೆಯಿಂದ ಹೊರಗೆ ನಡೆಯಿರಿ. ಕೂಡಿಟ್ಟ ದನಿ ಮುಗಿಯುವವರೆಗೆ ಕೇಳುತ್ತದೆ, ಆಮೇಲೆ ಮೌನ. ಪರದೆಯ ಮೇಲೆ ಮಾತ್ರ ‘ಪ್ಲೇಯಿಂಗ್’ ಎಂದೇ ಇರುತ್ತದೆ. ದಾಟಿದಾಗ ಫೋನಿನ ಐಪಿ ವಿಳಾಸ ಬದಲಾಗಿ ಹಳೆಯ ಸಂಪರ್ಕ ಸತ್ತಿರುತ್ತದೆ. ಆ್ಯಪ್ ಅದನ್ನು ಗಮನಿಸಿ ಹೊಸದು ತೆರೆಯುವುದಿಲ್ಲ. ಕೈಯಾರೆ ನಿಲ್ಲಿಸಿ ಮತ್ತೆ ಹಚ್ಚಿದರೆ ಮೊದಲಿಂದ 30 ಸೆಕೆಂಡ್ ಜಾಹೀರಾತು. ಕಡಿದ ಸಂಪರ್ಕ ಕೂಡಿಸಿಕೊಳ್ಳುವುದಕ್ಕೂ ಜಾಹೀರಾತಿನ ಸುಂಕವೇ?

ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಆಫ್ ಆದ ಮೇಲೆ ಆ್ಯಪ್ ಸಾಯುವುದಕ್ಕೆ ‘ಬ್ಯಾಟರಿ ಸೆಟ್ಟಿಂಗ್ ಅನ್‌ರಿಸ್ಟ್ರಿಕ್ಟೆಡ್ ಮಾಡಿ’ ಎನ್ನುತ್ತೀರಿ. ಮಾಡಿದ್ದೇವೆ. ತೊಡಕು ಬೇರೆ ಕಡೆ ಇದೆ: ಫೋನ್ ಕರೆ ಬಂದು ಹೋದ ಮೇಲೆ ನಿಮ್ಮ ಪ್ಲೇಯರ್‌ನ ನೋಟಿಫಿಕೇಶನ್ ಮಾಯವಾಗುತ್ತದೆ. ಎಂದರೆ ಆ್ಯಪ್ ಆಗ ಫೋರ್‌ಗ್ರೌಂಡ್ ಸರ್ವಿಸ್ ಆಗಿ (ತಾನು ಕೆಲಸದಲ್ಲಿದ್ದೇನೆಂದು ನೋಟಿಫಿಕೇಶನ್ ಮೂಲಕ ತೋರಿಸಿಕೊಳ್ಳುತ್ತಾ) ಓಡುತ್ತಿಲ್ಲ, ಅಂಥದ್ದನ್ನು ಸಿಸ್ಟಮ್ ಮುಚ್ಚಿಹಾಕುವುದು ಸಹಜ.

ಆ್ಯಪಿನಲ್ಲಿನ ಪ್ರಸಾರಗಳ ಪಟ್ಟಿಯೂ ಗೊಂದಲ. ತಂಡದ ಬದಲು ಕೇಂದ್ರದ ಹೆಸರು ಹಾಕಿದ್ದೀರಿ. ಪಂದ್ಯವನ್ನು ಇಂಟರ್ನೆಟ್ಟಿನಲ್ಲಿ ಬಿತ್ತರಿಸುವ ಹಕ್ಕಿಲ್ಲದ ಕೇಂದ್ರವನ್ನು ಒತ್ತಿದರೆ ಪಂದ್ಯದ ಜಾಗದಲ್ಲಿ ಯಾವುದೋ ಹರಟೆ ಬರುತ್ತದೆ. ‘ಮಿಷಿಗನ್ ಪ್ರಸಾರ’, ‘ಒಹಾಯೊ ಸ್ಟೇಟ್ ಪ್ರಸಾರ’ ಎಂದು ಎರಡು ಸಾಲು ಬರೆದರೆ ಮುಗಿಯಿತು.

ಭಾರತದಲ್ಲಿರುವವರಿಗೆ ಇನ್ನೊಂದು. ಅಮೆರಿಕದವರು ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಪೂರ್ವ ಅಮೆರಿಕದ ಮಧ್ಯಾಹ್ನ 12ರ ಪಂದ್ಯ ಅಕ್ಟೋಬರಿನಲ್ಲಿ ನಮಗೆ ರಾತ್ರಿ 9:30ಕ್ಕೆ, ಆ ಭಾನುವಾರದ ಬಳಿಕ 10:30ಕ್ಕೆ. ನಿಮ್ಮ ರಿಮೈಂಡರ್ ಮಾತ್ರ ನವೆಂಬರ್ ಕೊನೆಯ ಪಂದ್ಯದಲ್ಲೂ 9:30ಕ್ಕೇ ಕೂಗುತ್ತದೆ.

ಈ ಋತುವಿನ ಚಂದಾದಲ್ಲಿ ಅರ್ಧ ಹಣ ವಾಪಸು ಕೊಡಿ. ‘ಲೈವ್’ ಬಟನ್ ಮತ್ತು ತಾನಾಗಿ ಮರುಸಂಪರ್ಕ, ಇವೆರಡು ಯಾವ ಆವೃತ್ತಿಯಲ್ಲಿ ಬರುತ್ತವೆಂದು 15 ದಿನದೊಳಗೆ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ಆಟೋಪೇ ರದ್ದು ಮಾಡುತ್ತೇವೆ.

ಇತಿ,
ನಿಮ್ಮ ಚಂದಾದಾರರು